ಮಾತನಾಡಿಸುವ ಋಣ

ಸಾವಾದ ಮನೆಗೆ ಹೋಗಿ ಬರುವುದನ್ನು ಉತ್ತರ ಕರ್ನಾಟಕದ ಹಳ್ಳಿಗರು ‘ಮಾತನಾಡಿಸಿ ಬರುವುದು’ ಎನ್ನುತ್ತಾರೆ. ನುಡಿ ಸರಳವಾದುದು, ಅದರೊಳಗಿನ ತಿಳಿವು ಗಹನವಾದುದು. ಮಡಿದವರನ್ನು ಮರಳಿ ತರುವ ಶಕ್ತಿ ಯಾರಿಗೂ ಇಲ್ಲ. ಉಳಿದವರ ಶೋಕವನ್ನು ತಮ್ಮ ಹೆಗಲಿಗೆ ಏರಿಸಿಕೊಳ್ಳುವ ಉಪಾಯವೂ ಬಂದವರಿಗೆ ತಿಳಿಯದು. ಅವರು ಕೊಡಬಹುದಾದುದು ಮಾತೊಂದೇ. ಆ ಮಾತಿನಲ್ಲಿಯೂ ಎರಡು ಬಗೆಗಳುಂಟು. ಎಲ್ಲರೂ ಎಲ್ಲರಿಗೂ ಹೇಳಬಹುದಾದ ಸಮಾಧಾನದ ಮಾತು ಒಂದು ಬಗೆ. ‘ನಿಮ್ಮ ತಂದೆ ಬರಗಾಲದ ವರುಷ ನಮ್ಮ ಮನೆಗೆ ಎರಡು ಚೀಲ ಜೋಳ ಕಳುಹಿಸಿದ್ದರು, ಯಾರಿಗೂ ಹೇಳಬೇಡಿರೆಂದು ಆಣೆ ಹಾಕಿಸಿದ್ದರು’ ಎಂಬಂತಹ ಮಾತು ಇನ್ನೊಂದು ಬಗೆ. ಮೊದಲನೆಯದು ಲೋಕಾಚಾರ, ಎರಡನೆಯದು ಋಣಸಂದಾಯ. ಎರಡನೆಯ ಬಗೆಯ ಮಾತು ಕಿವಿಗೆ ಬಿದ್ದಾಗ ದುಃಖದಲ್ಲಿ ತಲೆತಗ್ಗಿಸಿ ಕುಳಿತ ಮಗನು ತಲೆಯೆತ್ತಿ ನೋಡುತ್ತಾನೆ. ತಾನು ಅರಿಯದಿದ್ದ ತಂದೆಯೊಬ್ಬನು ಆತನಿಗೆ ಆ ಗಳಿಗೆಯಲ್ಲಿ ದೊರೆಯುತ್ತಾನೆ.

ಶರಣರನ್ನು ಮರಣದಲ್ಲಿ ಕಾಣಬೇಕೆಂಬ ಗಾದೆಯು ಕನ್ನಡಿಗರಿಗೆಲ್ಲ ಪರಿಚಿತವಾದುದು. ಮಡಿದ ವ್ಯಕ್ತಿಯ ಯೋಗ್ಯತೆ ಮರಣದಲ್ಲಿ ಪ್ರಕಟವಾಗುತ್ತದೆ ಎಂಬುದು ಅದರ ಸಾಮಾನ್ಯಾರ್ಥ. ಅದಕ್ಕೆ ಇನ್ನೊಂದು ಮುಖವೂ ಉಂಟು. ಸದಸ್ಯನೊಬ್ಬನು ಅಗಲಿದಾಗ ಅವನನ್ನು ಬಲ್ಲ ಬಳಗವು ಹೇಗೆ ನಡೆದುಕೊಳ್ಳುತ್ತದೆ, ಅವನ ಮನೆಯವರಿಗೆ ಏನನ್ನು ಹೇಳುತ್ತದೆ ಎಂಬುದರಲ್ಲಿ ಆ ಬಳಗದ ಯೋಗ್ಯತೆಯೂ ಪ್ರಕಟವಾಗುತ್ತದೆ. ಈ ಪರೀಕ್ಷೆಯಲ್ಲಿ ಉತ್ತೀರ್ಣವಾದ ಬಳಗವೊಂದರ ವೃತ್ತಾಂತವು ದೂರದ ನಾರ್ವೆ ದೇಶದಿಂದ ಬಂದಿದೆ. ಒಬ್ಬರ ಮುಖವನ್ನೊಬ್ಬರು ಹೆಚ್ಚಾಗಿ ಕಾಣದೆಯೇ ಬಾಳಿದ ಬಳಗವದು. ವಿದ್ಯಾಸಂಸ್ಥೆಗಳನ್ನು ನಡೆಸುವವರೂ, ಅವುಗಳಲ್ಲಿ ಕಲಿತವರೂ, ಅವುಗಳಿಗೆ ನೀರೆರೆದವರೂ ಆ ವೃತ್ತಾಂತವನ್ನು ಸಾವಧಾನವಾಗಿ ಆಲಿಸುವುದು ಉಚಿತವಾಗಿದೆ.

ಮಾಟ್ಸ್ ಸ್ಟೀನ್ ಎಂಬವನು 1989ರಲ್ಲಿ ಜನಿಸಿದವನು. ಬಾಲ್ಯದಲ್ಲಿಯೇ ಅವನಿಗೆ ದ್ಯುಶೆನ್ ಸ್ನಾಯುಕ್ಷಯವೆಂಬ ವ್ಯಾಧಿಯಿರುವುದು ಗೊತ್ತಾಯಿತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯನೊಬ್ಬನ ಹೆಸರನ್ನು ಹೊತ್ತಿರುವ ಈ ರೋಗವು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಹಿಡಿಯುತ್ತದೆ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ಉತ್ಪನ್ನವಾಗದೆ ಹೋಗುವುದೇ ಇದರ ಮೂಲ. ಮೊದಲು ಕಾಲು ಸೋಲುತ್ತದೆ, ಬಳಿಕ ಕೈ ಸೋಲುತ್ತದೆ. ಕಡೆಗೆ ಉಸಿರಾಟದ ಸ್ನಾಯುಗಳೂ ಹೃದಯವೂ ಬಳಲುತ್ತವೆ. ಮೂಲೋತ್ಪಾಟನ ಮಾಡುವ ಔಷಧವು ಇಂದಿಗೂ ದೊರೆತಿಲ್ಲ. ಮಾಟ್ಸನು ಎಳವೆಯಲ್ಲಿಯೇ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಓರಗೆಯವರು ಆಟದ ಬಯಲಿಗೆ ಓಡಿದಾಗ ಅವನು ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತನು. ಪ್ರಾಯಕ್ಕೆ ಬಂದ ಮೇಲೆಯೂ ಅವನ ದಿನಗಳು ಆಸ್ಲೊ ನಗರದ ಮನೆಯ ಕೆಳಮನೆಯಲ್ಲಿ ಆ ಯಂತ್ರದ ಮುಂದೆಯೇ ಕಳೆದವು. ಬೆರಳುಗಳ ಶಕ್ತಿ ಕುಂದಿದಾಗ ಅದಕ್ಕೆ ತಕ್ಕ ವಿಶೇಷ ಸಲಕರಣೆಗಳನ್ನು ಅಳವಡಿಸಿಕೊಂಡು ಆಡಿದನು. 2014ರ ನವೆಂಬರ್ 18ರಂದು, 25ರ ಹರೆಯದಲ್ಲಿ, ಅವನು ತೀರಿಕೊಂಡನು.

ತಂದೆ ರಾಬರ್ಟ್, ತಾಯಿ ಟ್ರೂಡೆ ಇವರು ಮಗನನ್ನು ಅಕ್ಕರೆಯಿಂದ ಸಾಕಿದವರು. ಅವನ ಸೇವೆಯಲ್ಲಿ ಯಾವ ಕೊರತೆಯನ್ನೂ ಮಾಡದವರು. ಆದರೂ ರೋಗಕ್ಕಿಂತ ಮಿಗಿಲಾದ ನೋವೊಂದು ಅವರನ್ನು ಕಾಡುತ್ತಿತ್ತು. ತಮ್ಮ ಮಗನಿಗೆ ಸ್ನೇಹದ ಸುಖವೇ ದೊರೆಯಲಿಲ್ಲ, ಯಾರ ಬಾಳಿನಲ್ಲಿಯೂ ಅವನಿಗೆ ಸ್ಥಾನವಿರಲಿಲ್ಲ, ಪ್ರೀತಿಸಿದವರಿಲ್ಲ, ಅವನು ಬಂದುದರಿಂದ ಲೋಕದಲ್ಲಿ ಯಾವ ಗುರುತೂ ಉಳಿಯಲಿಲ್ಲ ಎಂಬುದು ಅವರ ಭಾವನೆಯಾಗಿತ್ತು. ಸಂತಾನವನ್ನು ಕಳೆದುಕೊಂಡ ಹೆತ್ತವರಿಗೆ ಇದಕ್ಕಿಂತ ಕಠೋರವಾದ ವಿಚಾರ ಇನ್ನಾವುದು?

ಮಗನು ಅಂತರ್ಜಾಲದಲ್ಲಿ ತನ್ನ ಬಾಳನ್ನು ಕುರಿತು ಆಗಾಗ ಬರೆಯುತ್ತಿದ್ದನು. ಆ ಬರಹಗಳ ಕೊನೆಯಲ್ಲಿ ತಂದೆಯು ಮರಣವಾರ್ತೆಯನ್ನು ಪ್ರಕಟಿಸಿ, ತನ್ನ ವಿಳಾಸವನ್ನೂ ಕೊಟ್ಟನು. ಹೆಚ್ಚಿನ ನಿರೀಕ್ಷೆಯೇನೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಒಂದು ಪತ್ರ ಬಂದಿತು, ಮತ್ತೊಂದು ಬಂದಿತು, ಬಳಿಕ ಒಂದರ ಹಿಂದೊಂದು ಬರತೊಡಗಿದವು. ಬರೆದವರು ಯಾರೆಂದು ಮನೆಯವರಿಗೆ ತಿಳಿಯದು. ಯೂರೋಪಿನ ನಾನಾ ದೇಶಗಳಿಂದ ಬಂದ ಆ ಪತ್ರಗಳಲ್ಲಿ ಕೆಲವು ಪುಟಗಟ್ಟಲೆ ಉದ್ದವಾಗಿದ್ದವು. ಅವುಗಳಲ್ಲಿ ಕಾಣಿಸಿದ ಮಾಟ್ಸನು ತಂದೆತಾಯಿಗಳು ಬಲ್ಲ ಮಾಟ್ಸನಾಗಿರಲಿಲ್ಲ. ಅವನ ಹೆಸರೇ ಬೇರೆಯಾಗಿತ್ತು: ಇಬೆಲಿನ್.

ಇದರ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಗಣಕಯಂತ್ರದ ಆಟವು 2004ರಲ್ಲಿ ಆರಂಭವಾಯಿತು. ಕಾಡು, ಬೆಟ್ಟ, ಪಟ್ಟಣಗಳಿಂದ ಕೂಡಿದ ಕಾಲ್ಪನಿಕ ಪ್ರಪಂಚವೊಂದರಲ್ಲಿ ಲೋಕದ ಎಲ್ಲೆಡೆಯ ಜನರು ಏಕಕಾಲದಲ್ಲಿ ಸೇರಿ ಆಡುತ್ತಾರೆ. ಬಯಲಾಟದಲ್ಲಿ ಒಕ್ಕಲಿಗನು ರಾತ್ರಿಯ ಮಟ್ಟಿಗೆ ಅರ್ಜುನನಾಗುವಂತೆ ಇಲ್ಲಿ ಪ್ರತಿಯೊಬ್ಬನೂ ಒಂದು ವೇಷವನ್ನು ಧರಿಸುತ್ತಾನೆ. ವ್ಯತ್ಯಾಸವಿಷ್ಟೆ: ಬಯಲಾಟವು ಬೆಳಗಾಗುವುದರೊಳಗೆ ಮುಗಿಯುತ್ತದೆ, ಈ ಆಟವು ವರುಷಗಟ್ಟಲೆ ನಡೆಯುತ್ತದೆ. ವೇಷಧಾರಿಗಳು ಪರಸ್ಪರ ಬರೆಹದ ಮೂಲಕ ಸಂಭಾಷಿಸುತ್ತಾರೆ, ಕೂಟಗಳನ್ನು ಕಟ್ಟಿಕೊಳ್ಳುತ್ತಾರೆ, ಮುನಿಯುತ್ತಾರೆ, ಒಂದಾಗುತ್ತಾರೆ. ಮಾಟ್ಸನು ಸೇರಿದ್ದ ಕೂಟದ ಹೆಸರು ಸ್ಟಾರ್‌ಲೈಟ್. ಅಲ್ಲಿ ಅವನು ಇಬೆಲಿನ್ ಎಂಬ ದೃಢಕಾಯನಾದ ವೀರನು. ಎದ್ದು ನಿಲ್ಲಲಾರದ ಆ ತರುಣನು ಅಲ್ಲಿ ದಿನವೂ ತಪ್ಪದೆ ಬಹುದೂರ ಓಡುತ್ತಿದ್ದನಂತೆ. ಕೂಟದ ಜತೆಗಾರರಿಗೆ ಅವನ ರೋಗದ ವಿಷಯ ಬಹುಕಾಲ ತಿಳಿದಿರಲಿಲ್ಲ, ಅವನು ತಿಳಿಸಿರಲಿಲ್ಲ. ಆದುದರಿಂದ ಅವರು ಅವನಲ್ಲಿ ಕಂಡುದು ಗಾಲಿಕುರ್ಚಿಯನ್ನಲ್ಲ, ಮನುಷ್ಯನನ್ನು.

ಬಂದ ಪತ್ರಗಳಲ್ಲಿ ಏನಿತ್ತು ಎಂಬುದೇ ಇಲ್ಲಿ ಮುಖ್ಯವಾದುದು. ಹಾಲೆಂಡಿನ ಒಬ್ಬ ಬಾಲಿಕೆಯಿಂದ ಹೆತ್ತವರು ಗಣಕಯಂತ್ರವನ್ನು ಕಸಿದುಕೊಂಡಾಗ ಆಕೆ ಗೆಳೆಯರ ಸಂಪರ್ಕವನ್ನು ಕಳೆದುಕೊಂಡು ಕುಗ್ಗಿಹೋದಳು. ಆಗ ಮಾಟ್ಸನು ಆಕೆಯ ತಂದೆತಾಯಿಗಳಿಗೆ ವಿನಯದಿಂದ ಪತ್ರ ಬರೆದು ಮಗಳ ಮನಸ್ಸನ್ನು ಅವರಿಗೆ ತಿಳಿಯಪಡಿಸಿದನು. ಇನ್ನೊಬ್ಬ ತಾಯಿಗೆ ಬೆಳೆದ ಮಗನೊಡನೆ ಹತ್ತಿರದ ಸಂಬಂಧವು ಸಾಧ್ಯವಾಗುತ್ತಿರಲಿಲ್ಲ. ಸ್ಪರ್ಶವನ್ನು ಸಹಿಸದ ಸ್ವಭಾವ ಆ ಮಗನದು. ಇಬ್ಬರೂ ಆಟದ ಪ್ರಪಂಚದಲ್ಲಿ ಜತೆಗೂಡಿ ನೋಡಿರೆಂದು ಸಲಹೆ ಕೊಟ್ಟವನು ಮಾಟ್ಸನೇ. ತಾಯಿಮಕ್ಕಳ ನಡುವಿನ ಗೋಡೆಯು ಅಲ್ಲಿಂದ ಮುಂದೆ ಸಡಿಲವಾಯಿತು. ಹೀಗೆ ಒಬ್ಬೊಬ್ಬರದು ಒಂದೊಂದು ಪ್ರಸಂಗ. ಯಾರೂ ‘ಸದ್ಗುಣಸಂಪನ್ನನಾಗಿದ್ದನು’ ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ಯಾವ ರಾತ್ರಿ ಅವನು ಎಷ್ಟು ಹೊತ್ತು ಕುಳಿತು ತಮ್ಮ ಅಳಲನ್ನು ಕೇಳಿದನು, ಏನೆಂದನು, ಅದರಿಂದ ತಮ್ಮ ಬಾಳು ಹೇಗೆ ತಿರುಗಿತು ಎಂಬುದನ್ನು ಬರೆದರು. ಕೆಲಕಾಲ ಅವನು ಸಿಡುಕಿನವನಾಗಿದ್ದನು, ಜತೆಗಾರರ ಮನಸ್ಸನ್ನು ನೋಯಿಸಿದ್ದೂ ಉಂಟು ಎಂಬುದನ್ನೂ ಆ ಗೆಳೆಯರು ಮುಂದೆ ಮುಚ್ಚಿಡದೆ ಹೇಳಿದರು. ದೋಷವನ್ನೂ ಬಲ್ಲವರು ಹೊಗಳಿದಾಗ ಆ ಹೊಗಳಿಕೆಗೆ ತೂಕ ಬರುತ್ತದೆಯಷ್ಟೆ.

ಆಸ್ಲೊದಲ್ಲಿ ನಡೆದ ಅಂತ್ಯಕ್ರಿಯೆಗೆ ಕೂಟದ ಐವರು ಬಂದರು. ಜೀವಂತನಾಗಿದ್ದಾಗ ಕಾಣದ ಮಿತ್ರನನ್ನು ಕಳುಹಿಸಿಕೊಡಲು ಬಂದವರು ಅವರು. ಅವರಲ್ಲೊಬ್ಬನು ಎದ್ದು ನಿಂತು, ಅದೇ ಹೊತ್ತಿನಲ್ಲಿ ಹಾಲೆಂಡಿನ ಒಂದು ತರಗತಿಯಲ್ಲಿ, ಸ್ವೀಡನ್ನಿನ ಒಂದು ಗ್ರಂಥಾಲಯದಲ್ಲಿ, ಡೆನ್ಮಾರ್ಕಿನ ಒಂದು ಪುರಸಭೆಯ ಕಚೇರಿಯಲ್ಲಿ, ಹೀಗೆಯೇ ಇನ್ನೂ ಹಲವೆಡೆ ಮಾಟ್ಸನ ಹೆಸರಿನಲ್ಲಿ ಮೇಣದ ಬತ್ತಿಗಳು ಉರಿಯುತ್ತಿವೆಯೆಂದು ಸಭೆಗೆ ತಿಳಿಸಿದನು. ಮಗನಿಗೆ ಸ್ನೇಹವೇ ದೊರೆಯಲಿಲ್ಲವೆಂದು ಮರುಗಿದ್ದ ತಂದೆತಾಯಿಗಳ ಮುಂದೆ ಈ ಮಾತು ನಡೆಯಿತೆಂಬುದನ್ನು ನೆನೆದರೆ ಕಲ್ಲೆದೆಯೂ ಕರಗುವುದು. ಆ ಐವರು ತಂದುದು ಹೂವಿನ ಹಾರವನ್ನು ಮಾತ್ರವಲ್ಲ. ಮನೆಯವರು ಕಾಣದಿದ್ದ ಮಗನನ್ನೇ ಅವರು ತಂದು ಮನೆಗೆ ಒಪ್ಪಿಸಿದರು.

ಈ ವೃತ್ತಾಂತವು 2019ರಲ್ಲಿ ನಾರ್ವೆಯ ಪ್ರಸಾರಸಂಸ್ಥೆಯ ಲೇಖನದಿಂದ ಬೆಳಕಿಗೆ ಬಂದಿತು. ಬೆಂಜಮಿನ್ ರೇ ಎಂಬ ನಿರ್ದೇಶಕನು ಇದನ್ನು ಕುರಿತು ತೆಗೆದ ಸಾಕ್ಷ್ಯಚಿತ್ರವು 2024ರಲ್ಲಿ ಅಮೆರಿಕದ ಸಂಡ್ಯಾನ್ಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿಯೂ ಪ್ರೇಕ್ಷಕರ ಮೆಚ್ಚುಗೆಗಾಗಿಯೂ ಪ್ರಶಸ್ತಿಗಳನ್ನು ಪಡೆಯಿತು. ಕೂಟದವರು ಆಟದೊಳಗಿನ ಸಂಭಾಷಣೆಗಳನ್ನು ಸಂಗ್ರಹಿಸಿಟ್ಟಿದ್ದುದರಿಂದ ಆ ಚಿತ್ರವು ಸಾಧ್ಯವಾಯಿತು. ಅವು ಸುಮಾರು 42,000 ಪುಟಗಳಷ್ಟಿದ್ದವು. ಅದೇ ವರ್ಷ ಆ ಆಟದ ಸಂಸ್ಥೆಯು ಅವನ ನೆನಪಿಗಾಗಿ ಆಟದ ವಸ್ತುವೊಂದನ್ನು ಮಾರಾಟಕ್ಕಿಟ್ಟು, ಬಂದ ಹಣವನ್ನು ಇದೇ ವ್ಯಾಧಿಯ ನಿವಾರಣೆಗಾಗಿ ದುಡಿಯುವ ಸಂಸ್ಥೆಗೆ ಮೀಸಲಿಟ್ಟಿತು. ಏನೂ ಗುರುತು ಉಳಿಸದೆ ಹೋದನೆಂದು ಭಾವಿಸಲಾಗಿದ್ದ ತರುಣನ ಹೆಸರಿನಲ್ಲಿ ಬೇರೆ ಮಕ್ಕಳಿಗೆ ಉಪಕಾರವಾಗುವ ಕಾರ್ಯ ನಡೆಯಿತು.

ಇಲ್ಲಿ ಕೆಲವು ಆಕ್ಷೇಪಗಳು ಏಳುವುದು ಸಹಜ. ಮಕ್ಕಳು ಹಗಲಿರುಳೂ ಯಂತ್ರಗಳಿಗೆ ಅಂಟಿಕೊಂಡು ಕಣ್ಣನ್ನೂ ಓದನ್ನೂ ಕೆಡಿಸಿಕೊಳ್ಳುತ್ತಿರುವ ಕಾಲದಲ್ಲಿ ಇಂತಹ ಕಥೆಯನ್ನು ಹೇಳುವುದು ಸರಿಯೆ? ಕಾಣದವರೊಡನೆ ಬೆಳೆದ ಸ್ನೇಹವನ್ನು ಸ್ನೇಹವೆಂದು ಕರೆಯಬಹುದೆ? ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಓಡಬಲ್ಲ ಕಾಲುಗಳಿರುವ ಬಾಲಕನು ಆಟದ ಬಯಲಿನಲ್ಲಿಯೇ ಓಡಬೇಕು. ಕುಂಟನ ಊರುಗೋಲನ್ನು ನೆಟ್ಟಗೆ ನಡೆಯುವವನ ಕೈಗೆ ಕೊಟ್ಟರೆ ಅವನೂ ಕುಂಟುವುದನ್ನು ಕಲಿಯುತ್ತಾನೆ. ಆಟವನ್ನು ಮಾರುವವರ ಉದ್ದೇಶ ಲಾಭವೇ ಹೊರತು ಲೋಕಸಂಗ್ರಹವಲ್ಲ ಎಂಬುದನ್ನೂ ಮರೆಯಲಾಗದು. ಎರಡನೆಯ ಆಕ್ಷೇಪಕ್ಕೆ ಆ ಪತ್ರಗಳೇ ಉತ್ತರ. ಮುಖವನ್ನು ಕಂಡಿದ್ದ ನೆರೆಹೊರೆಯವರು ಆ ತರುಣನಲ್ಲಿ ರೋಗಿಯನ್ನು ಕಂಡರು. ಮುಖವನ್ನು ಕಾಣದವರು ಅವನ ಗುಣವನ್ನು ಕಂಡರು. ಕಣ್ಣಿಗೆ ಕಂಡುದೆಲ್ಲ ಪರಿಚಯವಲ್ಲ, ಕಾಣದುದೆಲ್ಲ ಅಪರಿಚಯವೂ ಅಲ್ಲ.

ಆದರೂ ಈ ಕಥೆಯನ್ನು ಯಂತ್ರದ ಹೊಗಳಿಕೆಯೆಂದಾಗಲಿ ತೆಗಳಿಕೆಯೆಂದಾಗಲಿ ಓದಿದರೆ ಅದರ ತಿರುಳು ಕೈತಪ್ಪಿಹೋಗುತ್ತದೆ. ಬೇರೊಂದು ಕೂಟದಲ್ಲಿ ಅದೇ ಯಂತ್ರ, ಅದೇ ಆಟವಿದ್ದೂ ಸದಸ್ಯನ ಸಾವು ಯಾರ ಗಮನಕ್ಕೂ ಬಾರದೆ ಹೋಗಬಹುದು. ಇಲ್ಲಿ ಹಾಗಾಗದಿರಲು ಕಾರಣವೆಂದರೆ ಆ ಜನರು ಮಾಟ್ಸನು ಬದುಕಿದ್ದಾಗಲೇ ಅವನ ಮಾತನ್ನು ಲಕ್ಷ್ಯವಿಟ್ಟು ಕೇಳಿದ್ದರು, ನೆನಪಿನಲ್ಲಿ ಇಟ್ಟುಕೊಂಡಿದ್ದರು. ಲಕ್ಷ್ಯವಿಲ್ಲದಲ್ಲಿ ನೆನಪಿಲ್ಲ, ನೆನಪಿಲ್ಲದಲ್ಲಿ ಸಂತಾಪವು ಬರಿಯ ಶಬ್ದ. ಇದೇ ಸಂಗತಿಯ ಮತ್ತೊಂದು ಮುಖವನ್ನು ತಂದೆಯೇ ಮುಂದೆ ಒಪ್ಪಿಕೊಂಡಿದ್ದಾನೆ. ಮಗನ ಆಟದಲ್ಲಿ ತಾನು ಇನ್ನಷ್ಟು ಆಸಕ್ತಿ ತೋರಬೇಕಾಗಿತ್ತೆಂಬ ವ್ಯಥೆ ಅವನದು. ಆತನನ್ನು ದೂಷಿಸಲು ಯಾರಿಗೂ ಬಾಯಿಲ್ಲ. ಪ್ರತಿ ಮನೆಯಲ್ಲಿಯೂ ಹಿರಿಯರು ಮಕ್ಕಳ ಒಂದು ಲೋಕವನ್ನು ಬಾಗಿಲ ಹೊರಗೆ ನಿಂತೇ ಅಳೆಯುತ್ತಾರೆ. ‘ಎಷ್ಟು ಹೊತ್ತು ಆಡಿದೆ?’ ಎಂದು ಕೇಳುವವರು ಬಹಳ. ‘ಯಾರೊಡನೆ ಆಡಿದೆ, ಏನು ಮಾತನಾಡಿದಿರಿ?’ ಎಂದು ಪಕ್ಕದಲ್ಲಿ ಕುಳಿತು ಕೇಳುವವರು ವಿರಳ. ಶಾಲೆಯ ಉಪಾಧ್ಯಾಯರಿಗೂ ಈ ಮಾತು ಸಲ್ಲುತ್ತದೆ.

ಇನ್ನು ವಿದ್ಯಾಸಂಸ್ಥೆಗಳ ಕಡೆಗೆ ದೃಷ್ಟಿ ಹರಿಸೋಣ. ಶಾಲೆಯೆಂಬುದೂ ಒಂದು ಬಳಗವೇ. ಅಧ್ಯಾಪಕರು, ವಿದ್ಯಾರ್ಥಿಗಳು, ಪ್ರಸಾದ ನಿಲಯದ ಅಡುಗೆಯವರು, ಗಂಟೆ ಬಾರಿಸುವ ಜವಾನರು, ದಾನಿಗಳು, ಇವರೆಲ್ಲರೂ ವರುಷಗಟ್ಟಲೆ ಒಂದೇ ಸೂರಿನ ನೆರಳನ್ನು ಹಂಚಿಕೊಂಡವರು. ಮುಖ ಕಾಣದ ಬಳಗವೇ ಇಷ್ಟನ್ನು ಮಾಡಿತೆಂದ ಮೇಲೆ ದಿನವೂ ಮುಖ ನೋಡಿ ಬಾಳಿದ ಬಳಗವು ಎಷ್ಟನ್ನು ಮಾಡಬೇಕು? ಆದರೆ ನಡೆಯುವುದೇನು? ನಿವೃತ್ತ ಉಪಾಧ್ಯಾಯರೊಬ್ಬರು ಕಾಲವಾದ ಸುದ್ದಿ ಬರುತ್ತದೆ. ಸಭೆ ಸೇರುತ್ತದೆ. ಎರಡು ನಿಮಿಷ ಮೌನವನ್ನು ಆಚರಿಸಲಾಗುತ್ತದೆ. ‘ಮೃತರ ಅಗಲಿಕೆಯಿಂದ ತುಂಬಲಾರದ ನಷ್ಟವುಂಟಾಗಿದೆ’ ಎಂಬ ಠರಾವು ಸರ್ವಾನುಮತದಿಂದ ಅಂಗೀಕೃತವಾಗಿ ಅದರ ಪ್ರತಿಯು ಮನೆಗೆ ರವಾನೆಯಾಗುತ್ತದೆ. ಹೆಸರೊಂದನ್ನು ಬದಲಿಸಿದರೆ ಅದೇ ಠರಾವು ಮುಂದಿನವರಿಗೂ ಒದಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಗೌರವದ ಕೊರತೆಯೂ ಇಲ್ಲ. ಆದರೆ ಮನೆಯವರು ಆ ಕಾಗದವನ್ನು ಓದಿ ಮಡಿಚಿಟ್ಟಾಗ ಅವರಿಗೆ ಹೊಸದಾಗಿ ದೊರೆತುದೇನು?

ಆ ಉಪಾಧ್ಯಾಯರು ಮನೆಯಲ್ಲಿ ಮಿತಭಾಷಿಗಳಾಗಿದ್ದಿರಬಹುದು. ಹಳ್ಳಿಯಿಂದ ಬರಿಗಾಲಲ್ಲಿ ಬಂದ ಬಾಲಕನೊಬ್ಬನ ಪರೀಕ್ಷಾ ಶುಲ್ಕವನ್ನು ತಮ್ಮ ಸಂಬಳದಿಂದ ಕಟ್ಟಿದ್ದನ್ನು ಹೆಂಡತಿಗೂ ಹೇಳಿರಲಾರರು. ಪದ್ಯವನ್ನು ಕಂಠಪಾಠ ಮಾಡಲಾರದೆ ತೊದಲುತ್ತಿದ್ದ ಹುಡುಗನನ್ನು ಸಂಜೆಯ ಹೊತ್ತು ಕೂರಿಸಿಕೊಂಡು, ತರಗತಿಯಲ್ಲಿ ನಗೆಗೀಡಾಗದಂತೆ ಕಾಪಾಡಿದ್ದನ್ನು ಮಕ್ಕಳು ಕೇಳಿಯೇ ಇರಲಾರರು. ಅದನ್ನು ಬಲ್ಲವನು ಆ ಹುಡುಗನೊಬ್ಬನೇ. ಅವನು ಇಂದು ದೂರದ ಊರಿನಲ್ಲಿ, ಕೆಲವೊಮ್ಮೆ ಸಮುದ್ರದಾಚೆ, ದೊಡ್ಡ ಹುದ್ದೆಯಲ್ಲಿ ಇದ್ದಾನು. ಗುರುಗಳ ನಿಧನವಾರ್ತೆಯನ್ನು ಓದಿ ಎರಡು ಹನಿ ಕಣ್ಣೀರು ಸುರಿಸಿ ಮತ್ತೆ ಕೆಲಸದಲ್ಲಿ ತೊಡಗುತ್ತಾನೆ. ಆ ಕಣ್ಣೀರು ನಿಜವಾದುದೇ; ಆದರೆ ಅದು ಗುರುಗಳ ಮನೆಯನ್ನು ತಲುಪುವುದಿಲ್ಲ. ಅವನು ಹೇಳದೆ ಉಳಿದರೆ ಆ ಪ್ರಸಂಗವು ಅವನೊಡನೆಯೇ ಮಣ್ಣಾಗುತ್ತದೆ. ಕೃತಜ್ಞತೆಯು ಎದೆಯೊಳಗೆ ಇದ್ದರೆ ಸಾಲದು, ಅದು ಸಲ್ಲಬೇಕಾದವರಿಗೆ ಸಲ್ಲಬೇಕು. ಸಲ್ಲದ ಕೃತಜ್ಞತೆಗೂ ತೀರಿಸದ ಸಾಲಕ್ಕೂ ಭೇದವಿಲ್ಲ.

ಈ ದೃಷ್ಟಿಯಿಂದ ಮೂರು ಕಾರ್ಯಗಳು ವಿಚಾರಾರ್ಹವಾಗಿವೆ. ಸಂಸ್ಥೆಗೆ ಸಂಬಂಧಿಸಿದವರು ಯಾರೇ ಅಗಲಲಿ, ಸಂತಾಪದ ಠರಾವಿನ ಜತೆಗೆ ಅವರನ್ನು ಬಲ್ಲ ಕೆಲವರಿಂದಲಾದರೂ ತಾವು ಕಂಡ ಒಂದೊಂದು ಪ್ರಸಂಗವನ್ನು ಬರೆಯಿಸಿ ಮನೆಯವರಿಗೆ ತಲುಪಿಸುವುದು ಮೊದಲನೆಯದು. ಅಲಂಕಾರದ ಮಾತು ಬೇಡ; ವರುಷ, ಸ್ಥಳ, ನಡೆದ ಸಂಗತಿ ಇಷ್ಟಿದ್ದರೆ ಸಾಕು. ಇಂದಿನ ಸಲಕರಣೆಗಳಿಂದ ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಯ ಪತ್ರವೂ ಗಳಿಗೆಯೊಳಗೆ ಬಂದು ಸೇರುತ್ತದೆ. ಹೀಗೆ ಬಂದ ಬರಹಗಳಿಗೆ ವಾರ್ಷಿಕ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ಮೀಸಲಿಡುವುದು ಎರಡನೆಯದು. ಕಟ್ಟಡಗಳ ಶಿಲಾಫಲಕದಲ್ಲಿ ದಾನಿಗಳ ಹೆಸರು ಉಳಿಯುತ್ತದೆ. ಪರೀಕ್ಷಾ ಶುಲ್ಕ ಕಟ್ಟಿದ ಉಪಾಧ್ಯಾಯರ ಹೆಸರಿಗೆ, ಜ್ವರ ಬಂದ ಹುಡುಗನಿಗೆ ಗಂಜಿ ಕಾಯಿಸಿಕೊಟ್ಟ ಅಡುಗೆಯವರ ಹೆಸರಿಗೆ ಈ ಪುಟಗಳಲ್ಲದೆ ಬೇರೆ ಶಿಲಾಫಲಕವಿಲ್ಲ. ದಾನಿಗಳಾದವರು ಇದರಿಂದ ತಮ್ಮ ಗೌರವಕ್ಕೆ ಕುಂದೆಂದು ಭಾವಿಸಲಾರರು. ತಾವು ಕಟ್ಟಿಸಿದ ಕೊಠಡಿಯೊಳಗೆ ಏನು ನಡೆಯಿತೆಂಬುದನ್ನು ಆ ಪುಟಗಳಲ್ಲಿ ಓದಿ ಸಂತೋಷಪಡುವರು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಇಬೆಲಿನ್ ಎಂಬ ಹೆಸರಿನ ತರುಣನನ್ನು ಕುರಿತು ಅಷ್ಟು ಪತ್ರಗಳು ಬಂದವು. ಆದರೆ ಅವು ಬಂದಾಗ ಅವನು ಇರಲಿಲ್ಲ. ಆ ಕಥೆಯಲ್ಲಿ ಸಮಾಧಾನದ ಜತೆಗೆ ಉಳಿಯುವ ಮುಳ್ಳು ಅದೊಂದೇ. ಜತೆಗಾರರು ಮಾಡಿದ ತಪ್ಪು ಅದರಲ್ಲಿಲ್ಲ; ಅವನ ರೋಗವು ಎಷ್ಟು ಸಮೀಪಿಸಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಶಾಲೆಯ ಬಳಗಕ್ಕೆ ಆ ನೆಪವಿಲ್ಲ. ಎಪ್ಪತ್ತು ಎಂಬತ್ತು ವಯಸ್ಸಿನ ಹಿರಿಯ ಉಪಾಧ್ಯಾಯರು ಯಾವ ಊರಿನಲ್ಲಿದ್ದಾರೆ, ಯಾವ ಕಟ್ಟೆಯ ಮೇಲೆ ಕುಳಿತು ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ನೆನೆಯುತ್ತಿದ್ದಾರೆ ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಸಾವಿನ ಮನೆಗೆ ಹೋಗಿ ಹೇಳಬೇಕೆಂದಿರುವ ಮಾತನ್ನು ಬದುಕಿರುವವರ ಮನೆಗೇ ಹೋಗಿ ಹೇಳಿದರೆ, ಕೇಳಬೇಕಾದವರೇ ಅದನ್ನು ಕೇಳುತ್ತಾರೆ. ಹಾಗೆ ಹೋಗಿ ಬರಲು ರಜೆಯ ಒಂದು ದಿನ ಸಾಕು; ಹೋಗಲಾರದವರಿಗೆ ಒಂದು ಕಾಗದ ಸಾಕು.

ಆಸ್ಲೊದ ಆ ತಂದೆತಾಯಿಗಳಿಗೆ ಮಗನು ಮರಳಿ ಬರಲಿಲ್ಲ. ಆದರೆ ಮಗನು ವ್ಯರ್ಥವಾಗಿ ಬಾಳಿದನೆಂಬ ದುಃಖವು ಅವರಿಂದ ದೂರವಾಯಿತು. ಅಪರಿಚಿತರು ಬರೆದ ಕೆಲವು ಪುಟಗಳು ಆ ಕೆಲಸವನ್ನು ಮಾಡಿದವು. ಅಂತಹ ಪುಟಗಳನ್ನು ಬರೆಯಬಲ್ಲವರು ಪ್ರತಿಯೊಂದು ಶಾಲೆಯ ಹಳೆಯ ಹಾಜರಿ ಪುಸ್ತಕಗಳಲ್ಲಿಯೂ ಸಾಲುಸಾಲಾಗಿದ್ದಾರೆ. ಅವರು ಲೇಖನಿಯನ್ನು ಕೈಗೆತ್ತಿಕೊಂಡರೆ ಎಷ್ಟೋ ಮನೆಗಳಲ್ಲಿ ಹಿರಿಯರ ಬಾಳಿನ ಕಾಣದ ಪುಟಗಳು ತೆರೆಯುವುವು. ಗುರುಋಣವು ತೀರುವುದಿಲ್ಲವೆಂದು ಹಿರಿಯರು ಹೇಳಿದ್ದುಂಟು. ತೀರದಿದ್ದರೂ ಚಿಂತೆಯಿಲ್ಲ, ಇದೆಯೆಂದು ಒಪ್ಪಿ ಬರೆದುಕೊಟ್ಟರೆ ಸಾಕು, ಸಾಲ ಕೊಟ್ಟವರ ಮನಸ್ಸು ತಣಿಯುತ್ತದೆ.